ಪೆಲೆಟ್ ಒಲೆಯ ಹೊಗೆ ಮನೆಯೊಳಗೇ ಉಳಿಯುತ್ತಿದೆಯೇ? ಕೊಳವೆಯ ದೋಷ ಹುಡುಕುವ ಕ್ರಮ

"ಒಲೆ ಸರಿಯಿಲ್ಲ, ಬದಲಾಯಿಸಿ ಕೊಡಿ" ಎಂಬ ದೂರು ಬಂದಾಗ ನಾನು ಮೊದಲು ಒಲೆಯನ್ನು ನೋಡುವುದಿಲ್ಲ. ಮನೆಯ ಹೊರಗೆ ಒಂದು ಸುತ್ತು ಬಂದು ಹೊಗೆಕೊಳವೆ ಎಲ್ಲಿ ಹೊರಬಿದ್ದಿದೆ, ಎಷ್ಟು ಎತ್ತರಕ್ಕೆ ಹೋಗಿದೆ, ಅದರ ಅಕ್ಕಪಕ್ಕದಲ್ಲಿ ಏನೇನಿದೆ ಎಂದು ನೋಡುತ್ತೇನೆ. ಚಿತ್ರದುರ್ಗದಲ್ಲಿ, ಚಳ್ಳಕೆರೆಯಲ್ಲಿ, ದಾವಣಗೆರೆಯಲ್ಲಿ ಮನೆಯಲ್ಲೇ ರೊಟ್ಟಿ, ಹೋಳಿಗೆ, ಚಕ್ಕುಲಿ ಮಾಡಿ ಮಾರುವ ಅಡುಗೆಮನೆಗಳಲ್ಲಿ ನಾನು ಕಂಡಿರುವ ಪೆಲೆಟ್ ಒಲೆಗಳ ತೊಂದರೆಯಲ್ಲಿ ಹೆಚ್ಚಿನವು ಕೊಳವೆಯವು, ಇಲ್ಲವೇ ಒಲೆಗೆ ಗಾಳಿ ಬರುವ ದಾರಿಯವು. ಒಲೆ ಬದಲಾಯಿಸಿದರೆ ಅವು ಹೋಗುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗುತ್ತದೆ, ಅಷ್ಟೆ.

ಇಲ್ಲಿ ಹೇಳುತ್ತಿರುವುದು ಸಣ್ಣ ಫ್ಯಾನ್ ಇರುವ, ಮೇಲೆ ಕಬ್ಬಿಣದ ಹಂಚು ಮುಚ್ಚಿರುವ, ಹಿಂದುಗಡೆಯಿಂದ ಕೊಳವೆ ಹೊರಡುವ ಪೆಲೆಟ್ ಒಲೆಯ ಬಗ್ಗೆ. ಪೆಲೆಟ್ ಎಂದರೆ ಮರದ ಹೊಟ್ಟು, ಭತ್ತದ ಹೊಟ್ಟಿನಂಥದನ್ನು ಒತ್ತಿ ಮಾಡಿದ ಸಣ್ಣ ಉರುವಲು ತುಂಡು. ಬಚ್ಚಲುಮನೆಯಲ್ಲಿ ಹಂಡೆ ಕಾಯಿಸಲು ಇಟ್ಟ ಒಲೆಗೂ ಇದೇ ಮಾತು ಅನ್ವಯಿಸುತ್ತದೆ.

ತಲೆನೋವು ಬರುತ್ತಿದ್ದರೆ ಮೊದಲು ಇದನ್ನು ಓದಿ

ಪೆಲೆಟ್ ಚೆನ್ನಾಗಿ ಉರಿಯುವಾಗ ಕಣ್ಣಿಗೆ ಹೊಗೆ ಕಾಣುವುದೇ ಇಲ್ಲ. "ಹೊಗೆಯೇ ಇಲ್ಲವಲ್ಲ, ಕೊಳವೆ ಏಕೆ?" ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಭಯವಾಗುತ್ತದೆ. ಉರಿಯಿಂದ ಹುಟ್ಟುವ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದು ರಕ್ತದ ಹಿಮೋಗ್ಲೋಬಿನ್ ಅನ್ನು ಹಿಡಿದುಕೊಳ್ಳುತ್ತದೆ. ಉರಿ ಜೋರಾಗಿರುವಾಗ ಇದು ಕಡಿಮೆ. ಫ್ಯಾನ್ ಆರಿಸಿ, ತಳದಲ್ಲಿ ಕೆಂಡ ಮಾತ್ರ ಉಳಿದಾಗ ಹೆಚ್ಚು. ಎಂದರೆ "ಒಲೆ ಆರಿತು" ಎಂದು ಕಿಟಕಿ ಮುಚ್ಚಿ ಊಟಕ್ಕೆ ಕೂರುವ ಹೊತ್ತೇ ಅಪಾಯದ ಹೊತ್ತು.

ಒಲೆಯ ಬಳಿ ಇದ್ದಾಗ ತಲೆನೋವು, ಓಕರಿಕೆ, ತಲೆಸುತ್ತು ಬಂದು, ಹೊರಗೆ ಹೋಗಿ ಕುಳಿತರೆ ಕಡಿಮೆಯಾಗಿ, ಮತ್ತೆ ಒಳಗೆ ಬಂದರೆ ಶುರುವಾಗುತ್ತದೆಯೇ? ಒಂದೇ ಕೋಣೆಯಲ್ಲಿ ಕೆಲಸ ಮಾಡುವ ಇಬ್ಬರಿಗೂ ಹಾಗೆಯೇ ಆಗುತ್ತದೆಯೇ? ಹಾಗಿದ್ದರೆ ದೋಷ ಹುಡುಕುವ ಕೆಲಸ ಆಮೇಲೆ. ಮೊದಲು ಎಲ್ಲರೂ ಹೊರಗೆ ಬನ್ನಿ, ಬರುವಾಗ ಬಾಗಿಲು ಕಿಟಕಿ ತೆರೆದಿಡಿ. ಯಾರಿಗಾದರೂ ಮಂಪರು ಕವಿದಿದ್ದರೆ 108ಕ್ಕೆ ಕರೆ ಮಾಡಿ. ಆ ದಿನ ಮತ್ತೆ ಒಲೆ ಹಚ್ಚಬೇಡಿ.

ಗ್ಯಾಸ್ ಸೋರಿಕೆ ಪತ್ತೆಹಚ್ಚುವ ಯಂತ್ರ ಗೋಡೆಯಲ್ಲಿದೆ ಎಂದು ಧೈರ್ಯವಾಗಿರಬೇಡಿ. ಅದು ಅಡುಗೆ ಅನಿಲಕ್ಕೆ ಮಾಡಿದ್ದು, ಕಾರ್ಬನ್ ಮಾನಾಕ್ಸೈಡ್ ಅದಕ್ಕೆ ತಿಳಿಯುವುದಿಲ್ಲ. ಇದಕ್ಕೆಂದೇ ಬೇರೆ ಅಲಾರಂ ಇದೆ. ಅಮೆರಿಕದ ಯುಎಲ್ 2034 ಮಾನದಂಡದ ಅಲಾರಂ ಹತ್ತು ಲಕ್ಷಕ್ಕೆ 70 ಭಾಗ ಇದ್ದರೆ ಒಂದರಿಂದ ನಾಲ್ಕು ಗಂಟೆಯೊಳಗೆ ಕೂಗುತ್ತದೆ, 400 ಭಾಗ ಇದ್ದರೆ 4ರಿಂದ 15 ನಿಮಿಷದೊಳಗೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ಒಂದು ಗಂಟೆಯ ಮಿತಿ ಘನ ಮೀಟರಿಗೆ 35 ಮಿಲಿಗ್ರಾಂ. ಅದು ಹತ್ತು ಲಕ್ಷಕ್ಕೆ ಸುಮಾರು 30 ಭಾಗ. ಆದ್ದರಿಂದ ಅಲಾರಂ ಸುಮ್ಮನಿದೆ ಎಂದ ಮಾತ್ರಕ್ಕೆ ಗಾಳಿ ಶುದ್ಧವಾಗಿದೆ ಎಂದಲ್ಲ.

ಎಳೆಯುವ ಕೊಳವೆ, ತಳ್ಳುವ ಕೊಳವೆ

ನಮ್ಮ ಕಡೆ ಹೊಗೆಕೊಳವೆ ಕೂರಿಸುವ ಹಿರಿಯ ಕೆಲಸಗಾರರಲ್ಲಿ ಹಲವರು ಕೈ ಪಳಗಿಸಿಕೊಂಡದ್ದು ಅಸ್ತ್ರ ಒಲೆಯಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ವಿಭಾಗ ರೂಪಿಸಿದ ಒಲೆ ಅದು. ಅದಕ್ಕೆ ಫ್ಯಾನ್ ಇಲ್ಲ. ಕೊಳವೆಯೊಳಗಿನ ಬಿಸಿ ಗಾಳಿ ಹಗುರವಾಗಿ ಮೇಲೇರುತ್ತದೆ, ಅದರ ಹಿಂದೆ ಹೊಗೆ ಎಳೆದುಕೊಂಡು ಹೋಗುತ್ತದೆ. ಅಂಥ ಕೊಳವೆಯ ಕೀಲಿನಲ್ಲಿ ಸಣ್ಣ ಸಂದಿಯಿದ್ದರೆ ಕೋಣೆಯ ಗಾಳಿ ಒಳಕ್ಕೆ ಹೋಗುತ್ತದೆಯೇ ಹೊರತು ಹೊಗೆ ಹೊರಕ್ಕೆ ಬರುವುದಿಲ್ಲ. ಆದ್ದರಿಂದ ಕೀಲಿಗೆ ಒಂದಿಷ್ಟು ಮಣ್ಣು ಮೆತ್ತಿದರೂ ಕೆಲಸ ನಡೆಯುತ್ತಿತ್ತು.

ಫ್ಯಾನ್ ಇರುವ ಪೆಲೆಟ್ ಒಲೆಯಲ್ಲಿ ಲೆಕ್ಕ ತಿರುಗಿ ಬೀಳುತ್ತದೆ. ಫ್ಯಾನ್ ಗಾಳಿಯನ್ನು ತಳ್ಳುತ್ತದೆ. ಒಲೆಯ ಪಕ್ಕದ ಕೊಳವೆಯೊಳಗೆ ಕೋಣೆಗಿಂತ ಹೆಚ್ಚು ಒತ್ತಡವಿರುತ್ತದೆ. ಅದೇ ಸಣ್ಣ ಸಂದಿ ಈಗ ಹೊಗೆಯನ್ನು ಕೋಣೆಗೆ ಉಗುಳುತ್ತದೆ. ಅಸ್ತ್ರ ಒಲೆಗೆ ಸಾಕಾಗುತ್ತಿದ್ದ ಕೆಲಸ ಇಲ್ಲಿ ಸಾಲದು. ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ನಿಮ್ಮ ಒಲೆಯ ಫ್ಯಾನ್ ಎಲ್ಲಿದೆ ಎಂದೂ ನೋಡಿಕೊಳ್ಳಿ. ಬೆಂಕಿಗೆ ಮೊದಲು ಇದ್ದು ಗಾಳಿ ಊದುವಂಥದಾದರೆ ಒಲೆಯ ಬಾಗಿಲು, ಬೂದಿ ಡಬ್ಬಿ, ಹಂಚಿನ ಅಂಚು, ಪೆಲೆಟ್ ಸುರಿಯುವ ಬಾಯಿ, ಎಲ್ಲೆಡೆಯೂ ಸೋರುವ ಸಾಧ್ಯತೆ ಇದೆ. ಬೆಂಕಿಯ ಆಚೆ, ಕೊಳವೆಯ ಬುಡದಲ್ಲಿದ್ದು ಹೊಗೆ ಎಳೆಯುವಂಥದಾದರೆ ಒಲೆಯೊಳಗೆ ಎಳೆತವಿರುತ್ತದೆ, ಸೋರಿಕೆ ಫ್ಯಾನಿನ ಆಚೆಯ ಕೊಳವೆಯಲ್ಲಿ ಮಾತ್ರ.

ಮೊದಲ ಪ್ರಶ್ನೆ: ಯಾವಾಗ?

ಹೊಗೆ ಎಲ್ಲಿಂದ ಬರುತ್ತದೆ ಎಂದು ಹುಡುಕುವ ಮೊದಲು ಯಾವಾಗ ಬರುತ್ತದೆ ಎಂದು ಕೇಳಿ. ಹಚ್ಚುವಾಗ ಮಾತ್ರವೇ, ಕೂರಿಸಿದ ದಿನದಿಂದಲೂ ಸದಾ ಇದೆಯೇ, ಗಾಳಿ ಬೀಸಿದಾಗಲೇ, ಬಾಗಿಲು ಮುಚ್ಚಿದಾಗಲೇ, ಕೆಲವು ವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ಹೆಚ್ಚಾಯಿತೇ, ಕರೆಂಟ್ ಹೋದಾಗಲೇ? ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಮನೆಯಲ್ಲಿ ಒಲೆಯ ಮುಂದೆ ದಿನವಿಡೀ ಕೂರುವವರನ್ನೇ ಕೇಳಬೇಕು. ಒಲೆ ಕೊಂಡ ಯಜಮಾನರಿಗೆ ಇದು ತಿಳಿದಿರುವುದಿಲ್ಲ.

ಹಚ್ಚುವಾಗ ಮಾತ್ರ ಬಂದರೆ ಹೆಚ್ಚು ಚಿಂತೆ ಬೇಡ. ಕೊಳವೆ ತಣ್ಣಗಿದೆ, ಎಳೆತ ಇನ್ನೂ ಹುಟ್ಟಿಲ್ಲ. ಮೊದಲು ಒಂದು ಹಿಡಿ ಪೆಲೆಟ್ ಮಾತ್ರ ಹಾಕಿ, ಅದರ ಮೇಲೆ ಒಣ ಪುಳ್ಳೆ ಇಟ್ಟು ಮೇಲಿನಿಂದ ಹಚ್ಚಿ, ಕೊಳವೆ ಬಿಸಿಯಾದ ಮೇಲೆ ಉಳಿದದ್ದನ್ನು ಸುರಿಯಿರಿ. ಐದು ನಿಮಿಷ ಕಳೆದರೂ ಹೊಗೆ ನಿಲ್ಲದಿದ್ದರೆ ಅದು ಹಚ್ಚುವ ತೊಂದರೆಯಲ್ಲ, ಮುಂದೆ ಓದಿ.

ಮೊದಲ ದಿನದಿಂದಲೂ ಇದೆ: ಉದ್ದ, ತಿರುವು, ಅಗಲ

ಕೂರಿಸಿದ ದಿನದಿಂದಲೇ ಉರಿ ಮಂಕಾಗಿದ್ದು, ಜ್ವಾಲೆಯ ತುದಿ ಕಪ್ಪಾಗಿದ್ದು, ಹಂಚಿನ ಅಂಚಿನಿಂದ ಸದಾ ಹೊಗೆ ಒಸರುತ್ತಿದ್ದರೆ ಕೊಳವೆಯ ಯೋಜನೆಯೇ ತಪ್ಪಿದೆ. ಅಮೆರಿಕದಲ್ಲಿ ಮನೆ ಬೆಚ್ಚಗಿಡಲು ಬಳಸುವ ಪೆಲೆಟ್ ಒಲೆಗಳ ಕೈಪಿಡಿಗಳಲ್ಲಿ ಇದಕ್ಕೊಂದು ಸರಳ ಲೆಕ್ಕವಿದೆ. ನಮ್ಮ ಒಲೆಗಳಿಗೂ ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅಡ್ಡ ಹೋಗುವ ಪ್ರತಿ ಅಡಿಗೆ 1 ಅಂಕ. ನೇರ ಮೇಲೇರುವ ಪ್ರತಿ ಅಡಿಗೆ ಅರ್ಧ. 45 ಡಿಗ್ರಿ ಎಲ್ಬೋಗೆ (ಕೊಳವೆ ತಿರುಗಿಸುವ ಜೋಡಣೆ) 3. 90 ಡಿಗ್ರಿ ಎಲ್ಬೋ ಅಥವಾ ಟೀಗೆ (T ಆಕಾರದ, ಮೂರು ಬಾಯಿಯ ಜೋಡಣೆ) 5. ಮೊತ್ತ 15 ಮೀರಿದರೆ 3 ಇಂಚಿನ ಕೊಳವೆ ಸಾಲದು, 4 ಇಂಚು ಬೇಕು.

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಹೀಗೆ: ಒಲೆಯಿಂದ ಗೋಡೆ ದಾಟಲು 3 ಅಡಿ ಅಡ್ಡ, ಹೊರಗೆ ಒಂದು ಟೀ, ಅಲ್ಲಿಂದ 8 ಅಡಿ ನೇರ, ನಡುವೆ ಕಿಟಕಿಯ ಸಜ್ಜಾ ಅಡ್ಡ ಬಂದದ್ದರಿಂದ ಅದನ್ನು ತಪ್ಪಿಸಲು ಎರಡು 45 ಡಿಗ್ರಿ ಎಲ್ಬೋ. ಕೂಡಿ ನೋಡಿ: 3, 5, 4, 6. ಒಟ್ಟು 18. ಇದಕ್ಕೆ 3 ಇಂಚಿನ ಕೊಳವೆ ಹಾಕಿದರೆ ಫ್ಯಾನ್ ಏದುಸಿರು ಬಿಡುತ್ತದೆ. ಅದರ ಬದಲು ಗೋಡೆಯಿಂದಲೇ ಇನ್ನೆರಡು ಅಡಿ ಮುಂದಕ್ಕೆ ತಂದು ಸಜ್ಜಾದ ಹೊರಗಿನಿಂದ ನೇರ ಮೇಲೇರಿಸಿ, ಬ್ರಾಕೆಟ್ ಹಾಕಿ ಬಿಗಿದರೆ 5, 5, 4, ಒಟ್ಟು 14. ಎರಡು ಎಲ್ಬೋ ಉಳಿಯಿತು, ಅದೇ ಕೊಳವೆ ಸಾಕಾಯಿತು. ಬದಲಾಯಿಸಲು ಜಾಗವೇ ಇಲ್ಲದಿದ್ದರೆ 4 ಇಂಚಿಗೆ ಹೋಗಿ. ಅಗಲ ಒಂದೇ ಇಂಚು ಹೆಚ್ಚಿದರೂ ಹೊಗೆ ಹೋಗುವ ಜಾಗ ಸುಮಾರು ಒಂದೂಮುಕ್ಕಾಲು ಪಟ್ಟಾಗುತ್ತದೆ. ಒಲೆಯಿಂದ ಹೊಗೆ ಹೊರಡುವ ಬಾಯಿಗಿಂತ ಕಿರಿದಾದ ಕೊಳವೆಯನ್ನು ಎಂದೂ ಜೋಡಿಸಬೇಡಿ.

ಎತ್ತರದ ಊರುಗಳಲ್ಲಿ ಗಾಳಿ ತೆಳುವಾಗಿರುವುದರಿಂದ ದೊಡ್ಡ ಕೊಳವೆ ಬೇಕು ಎಂದು ಅದೇ ಕೈಪಿಡಿಗಳಲ್ಲಿ ಬರೆದಿರುತ್ತದೆ. ಹಲವು ಕೈಪಿಡಿಗಳಲ್ಲಿ ಆ ಮಿತಿ 3,000 ಅಡಿ. ಚಿತ್ರದುರ್ಗ ಇರುವುದು ಸುಮಾರು 2,400 ಅಡಿಯಲ್ಲಿ, ದಾವಣಗೆರೆ ಸುಮಾರು 2,000 ಅಡಿಯಲ್ಲಿ. ಆ ಕಾರಣ ನಮಗೆ ಅನ್ವಯಿಸದು.

ಕೊಳವೆ ಯಾವುದರದ್ದು ಎಂಬುದನ್ನೂ ಇಲ್ಲೇ ನೋಡಿಬಿಡಿ. ಪಿವಿಸಿ ಪೈಪನ್ನು ಹೊಗೆಗೆ ಬಳಸಿರುವುದು ನನ್ನ ಕಣ್ಣಿಗೆ ಬಿದ್ದಿದೆ. ಅದು 80 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗಿ ಸೊಟ್ಟಗಾಗುತ್ತದೆ, ಸುಟ್ಟರೆ ಅದರ ಹೊಗೆ ಆಮ್ಲದಂತೆ ಗಂಟಲು ಕೊರೆಯುತ್ತದೆ. ತಕ್ಷಣ ತೆಗೆಯಿರಿ. ಎಲೆಕ್ಟ್ರಿಕ್ ಚಿಮಣಿಗೆ ಹಾಕುವ ನೆರಿಗೆಯ ಅಲ್ಯೂಮಿನಿಯಂ ಕೊಳವೆಯೂ ಬೇಡ. ನೆರಿಗೆಯಲ್ಲಿ ಬೂದಿ ನಿಲ್ಲುತ್ತದೆ, ಹಾಳೆ ಹರಿಯುತ್ತದೆ. ಒಲೆಗೆ ಹತ್ತಿರದ ಭಾಗ ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ. ಜಿಐ ತಗಡಿನ ಸತುವಿನ ಲೇಪ 200 ಡಿಗ್ರಿಯ ಮೇಲೆ ಬಹುಕಾಲ ನಿಲ್ಲುವುದಿಲ್ಲ, ಆದ್ದರಿಂದ ಅದನ್ನು ಒಲೆಯಿಂದ ದೂರದ ಭಾಗಕ್ಕೆ ಮಾತ್ರ ಇಟ್ಟುಕೊಳ್ಳಿ.

ಬಾಗಿಲು ಮುಚ್ಚಿದರೆ, ಚಿಮಣಿ ಹಾಕಿದರೆ ಹೊಗೆ

ಇದು ಅತಿ ಹೆಚ್ಚು ಕಾಣುವ ದೋಷ, ಅತಿ ಕಡಿಮೆ ಜನ ಅನುಮಾನಪಡುವ ದೋಷವೂ ಹೌದು. ತುರುವನೂರು ರಸ್ತೆಯ ಕಡೆಯ ಒಂದು ಮನೆಯಲ್ಲಿ ರೊಟ್ಟಿ ಬಡಿಯುವ ಹೆಂಗಸು ನನಗೆ ಹೇಳಿದ್ದು ಇಷ್ಟು: "ಬೆಳಿಗ್ಗೆ ಏನೂ ತೊಂದರೆ ಇಲ್ಲ ಅಣ್ಣ. ಚಟ್ನಿಪುಡಿಗೆ ಮೆಣಸಿನಕಾಯಿ ಹುರಿಯಲು ಶುರುಮಾಡಿದ ಮೇಲೆ ತಲೆ ಹಿಡಿದುಕೊಳ್ಳುತ್ತದೆ. ಮೆಣಸಿನಕಾಯಿ ಘಾಟು ಅಂದುಕೊಂಡಿದ್ದೆ."

ಮೆಣಸಿನಕಾಯಿ ಹುರಿಯುವಾಗ ಆಕೆ ಗ್ಯಾಸ್ ಒಲೆಯ ಮೇಲಿನ ಎಲೆಕ್ಟ್ರಿಕ್ ಚಿಮಣಿ ಹಾಕುತ್ತಿದ್ದರು. ರಸ್ತೆಯ ಧೂಳು ಹಿಟ್ಟಿಗೆ ಬೀಳಬಾರದೆಂದು ಕಿಟಕಿಗಳೆಲ್ಲ ಮುಚ್ಚಿದ್ದವು. ಒಂದು ಊದಿನಕಡ್ಡಿ ಹಚ್ಚಿ ಪೆಲೆಟ್ ಸುರಿಯುವ ಬಾಯಿಯ ಹತ್ತಿರ ಹಿಡಿದೆ. ಚಿಮಣಿ ಆರಿಸಿದಾಗ ಊದಿನಕಡ್ಡಿಯ ಎಳೆ ನೆಟ್ಟಗೆ ಮೇಲೆ ಹೋಯಿತು. ಚಿಮಣಿ ಹಾಕಿದ ಕೂಡಲೇ ಆ ಎಳೆ ಒಲೆಯಿಂದ ದೂರಕ್ಕೆ ಬಾಗಿತು, ಅದರ ಜೊತೆಗೇ ಒಲೆಯ ಬಾಯಿಯಿಂದ ತೆಳ್ಳನೆಯ ನೀಲಿ ಹೊಗೆ ಹೊರಟಿತು. ಹಿಂಬಾಗಿಲನ್ನು ಒಂದು ಗೇಣು ತೆರೆಸಿದೆ. ಎಳೆ ಮತ್ತೆ ನೆಟ್ಟಗಾಯಿತು. ಒಲೆಯನ್ನು ಮುಟ್ಟಲೇ ಇಲ್ಲ, ದೋಷ ಸಿಕ್ಕಿತ್ತು.

ಲೆಕ್ಕ ಹಾಕಿ ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಅಂಥ ಚಿಮಣಿಗಳ ಪೆಟ್ಟಿಗೆಯ ಮೇಲೆ ಗಂಟೆಗೆ 1,200 ಘನ ಮೀಟರ್ ಎಂದು ಬರೆದಿರುವುದು ಸಾಮಾನ್ಯ. ಗಂಟೆಗೆ ಒಂದು ಕಿಲೋ ಪೆಲೆಟ್ ಉರಿಸುವ ಒಲೆಗೆ ಬೇಕಾದ ಗಾಳಿ ಸುಮಾರು 10 ಘನ ಮೀಟರ್ ಮಾತ್ರ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಅಡುಗೆಮನೆಯಲ್ಲಿರುವ ಗಾಳಿಯೇ ಸುಮಾರು 28 ಘನ ಮೀಟರ್. ಚಿಮಣಿಗೆ ಹೊರಗಿನಿಂದ ಗಾಳಿ ಸಿಗದಿದ್ದರೆ ಅದು ಸಿಕ್ಕಲ್ಲಿಂದ ಎಳೆಯುತ್ತದೆ, ಒಲೆಯ ಹೊಗೆಕೊಳವೆಯಿಂದಲೂ ಎಳೆಯುತ್ತದೆ.

ಪರಿಹಾರ ಎರಡು ಹಂತದ್ದು. ಒಲೆಗೆಂದೇ ಗೋಡೆಯ ಬುಡದಲ್ಲಿ, ಒಲೆಯ ಹಿಂದೆ, ಒಂದು ಗಾಳಿಕಿಂಡಿ ಬೇಕು. ಫ್ಯಾನಿನ ಬಾಯಿಗೇ ಹೊರಗಿನಿಂದ ಕೊಳವೆ ಜೋಡಿಸಲು ಬಂದರೆ ಇನ್ನೂ ಒಳ್ಳೆಯದು. ಇಲಿ ಬಾರದಂತೆ ಜಾಲರಿ ಹಾಕಿ. ಆದರೆ ಈ ಕಿಂಡಿ ಎಲೆಕ್ಟ್ರಿಕ್ ಚಿಮಣಿಯ ಹಸಿವನ್ನು ತೀರಿಸದು. 6 ಇಂಚಿನ ಕಿಂಡಿಯೊಂದರಿಂದಲೇ ಆ ಚಿಮಣಿಗೆ ಪೂರ್ತಿ ಗಾಳಿ ಸಿಗಬೇಕಾದರೆ ಅದರಲ್ಲಿ ಗಾಳಿ ಗಂಟೆಗೆ 60 ಕಿಲೋಮೀಟರಿಗಿಂತ ವೇಗವಾಗಿ ನುಗ್ಗಬೇಕಾಗುತ್ತದೆ. ಎರಡಡಿ ಉದ್ದ, ಎರಡಡಿ ಅಗಲದ ಕಿಟಕಿ ತೆರೆದಿದ್ದರೆ ಗಂಟೆಗೆ ಮೂರೂವರೆ ಕಿಲೋಮೀಟರ್ ವೇಗ ಸಾಕು, ಒಲೆಗೆ ಅದರ ಅರಿವೂ ಆಗುವುದಿಲ್ಲ. ಆದ್ದರಿಂದ ಚಿಮಣಿ ಓಡುವಾಗ ಕಿಟಕಿ ತೆರೆದಿರಲೇಬೇಕು. ಧೂಳಿನ ಚಿಂತೆಯಿದ್ದರೆ ರಸ್ತೆಯ ಕಡೆಯದನ್ನು ಬಿಟ್ಟು ಹಿತ್ತಲ ಕಡೆಯದನ್ನು ತೆರೆಯಿರಿ. ಗೋಡೆಯ ಎಕ್ಸಾಸ್ಟ್ ಫ್ಯಾನಿಗೂ ಇದೇ ನಿಯಮ. ಒಲೆಯ ಕೊಳವೆಯನ್ನು ಚಿಮಣಿಯ ಕೊಳವೆಗೆ ಸೇರಿಸುವುದಂತೂ ಕೂಡದು: ಅದರೊಳಗೆ ಎಣ್ಣೆಯ ಜಿಡ್ಡು ಇರುತ್ತದೆ, ಕಿಡಿ ಸೇರಿದರೆ ಬೆಂಕಿ.

ಗಾಳಿ ಬೀಸಿದಾಗ ಮಾತ್ರ

ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲು ನಿಂತಿರುವುದು ಇಲ್ಲಿನ ಗಾಳಿಯನ್ನು ನಂಬಿಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ, ನೈಋತ್ಯ ದಿಕ್ಕಿನಿಂದ ಬೀಸುವ ಮುಂಗಾರು ಗಾಳಿ ಹೊಗೆಕೊಳವೆಯ ನಿಜವಾದ ಪರೀಕ್ಷೆ. ಬೇಸಿಗೆಯಲ್ಲಿ ಕೂರಿಸಿದ ಒಲೆ ಜೂನ್‌ನಲ್ಲಿ ಕೆಟ್ಟಿತು ಎಂದರೆ ಕೆಟ್ಟದ್ದು ಒಲೆಯಲ್ಲ.

4 ಮೀಟರ್ ಎತ್ತರದ ಕೊಳವೆಯೊಳಗೆ 150 ಡಿಗ್ರಿ ಬಿಸಿಯ ಹೊಗೆಯಿದ್ದು ಹೊರಗೆ 30 ಡಿಗ್ರಿ ಇದ್ದರೆ ಹುಟ್ಟುವ ಎಳೆತ ಸುಮಾರು 12 ಪಾಸ್ಕಲ್. ಒಂದು ಮಿಲಿಮೀಟರ್ ನೀರಿನ ಒತ್ತಡಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಗಂಟೆಗೆ 18 ಕಿಲೋಮೀಟರ್ ವೇಗದ ಗಾಳಿ ಗೋಡೆಗೆ ನೇರ ಬಡಿದಾಗ ಹಾಕುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕು ಪಟ್ಟು. ಅಡ್ಡವಾಗಿ ಪಶ್ಚಿಮದ ಗೋಡೆಯಿಂದ ಹೊರಬಂದು ಅಲ್ಲೇ ನಿಂತ ಕೊಳವೆಗೆ ಒಂದು ಮಧ್ಯಮ ಗಾಳಿ ಸಾಕು, ಹೊಗೆ ಹಿಂದಕ್ಕೆ ತಿರುಗುತ್ತದೆ.

ಪರೀಕ್ಷೆ ಸುಲಭ. ಗಾಳಿಯಿರುವ ಹೊತ್ತಿನಲ್ಲಿ ಒಲೆ ಹಚ್ಚಿ, ಗಾಳಿ ಬರುವ ಕಡೆಯ ಕಿಟಕಿ ತೆರೆದು ಎದುರಿನದನ್ನು ಮುಚ್ಚಿ. ಆಮೇಲೆ ಅದಲು ಬದಲು ಮಾಡಿ. ಮೊದಲನೆಯದರಲ್ಲಿ ಹೊಗೆ ನಿಂತು ಎರಡನೆಯದರಲ್ಲಿ ಹೆಚ್ಚಾದರೆ ಮನೆಯೊಳಗಿನ ಒತ್ತಡವೇ ಕಾರಣ. ಗಾಳಿಯ ಮರೆಯ ಕಡೆ ಮಾತ್ರ ಕಿಟಕಿ ತೆರೆದಾಗ ಮನೆಯ ಗಾಳಿ ಹೊರಕ್ಕೆ ಸೆಳೆಯಲ್ಪಡುತ್ತದೆ, ಒಲೆಯ ಹೊಗೆಯೂ ಮನೆಯೊಳಕ್ಕೆ ಬರುತ್ತದೆ. ಎರಡರಲ್ಲೂ ಒಂದೇ ರೀತಿ ಬಂದರೆ ಕೊಳವೆಯ ತುದಿಯನ್ನು ನೋಡಿ.

ತುದಿ ಮನೆಯ ಚಾವಣಿಯಿಂದ ಕನಿಷ್ಠ 3 ಅಡಿ ಮೇಲಿರಬೇಕು, ಸುತ್ತ 10 ಅಡಿಯೊಳಗೆ ಇರುವ ಯಾವುದೇ ಎತ್ತರದ ವಸ್ತುವಿಗಿಂತ 2 ಅಡಿ ಮೇಲಿರಬೇಕು. ನಮ್ಮ ತಾರಸಿಗಳಲ್ಲಿ ಈ ಎರಡನೆಯ ಮಾತನ್ನೇ ಮರೆಯುತ್ತಾರೆ. ಪ್ಯಾರಾಪೆಟ್ ಇರುತ್ತದೆ, ಮೆಟ್ಟಿಲ ಮೇಲಿನ ಕೋಣೆ ಇರುತ್ತದೆ, ಅದರ ಮೇಲೆ ನೀರಿನ ಟ್ಯಾಂಕ್ ಇರುತ್ತದೆ. ಗಾಳಿ ಅವುಗಳ ಮೇಲೆ ಹಾಯ್ದು ಆಚೆ ಕಡೆ ಸುಳಿಯಾಗಿ ಕೆಳಗಿಳಿಯುತ್ತದೆ. ಕೊಳವೆಯ ಬಾಯಿ ಆ ಸುಳಿಯೊಳಗೆ ಸಿಕ್ಕಿಕೊಂಡರೆ ಹೊಗೆ ಮೇಲೇರುವುದು ಹೇಗೆ? ಇನ್ನೆರಡು ಅಡಿ ಏರಿಸಿದರೆ ಸರಿಹೋಗುವುದನ್ನು ದುಬಾರಿ ಟೋಪಿ ಕೊಂಡು ಸರಿಪಡಿಸಲು ಹೋಗಬೇಡಿ. ಏರಿಸಲು ಆಗದಿದ್ದರೆ ಮಾತ್ರ ತಗಡಿನ ಕೆಲಸದವರಿಂದ ಎಚ್ ಆಕಾರದ ತುದಿ ಮಾಡಿಸಿ. ಗೋದಾಮುಗಳ ಮೇಲೆ ತಿರುಗುವ ಗುಂಡನೆಯ ಟೋಪಿ ಇದಕ್ಕೆ ಹೊಂದುವುದಿಲ್ಲ, ಬೂದಿ ಅದರ ಬೇರಿಂಗಿಗೆ ಸೇರಿ ತಿರುಗುವುದು ನಿಲ್ಲುತ್ತದೆ. ಸಾಮಾನ್ಯ ಮಳೆಟೋಪಿ ಹಾಕುವುದಾದರೆ ಅದಕ್ಕೂ ಕೊಳವೆಯ ಬಾಯಿಗೂ ನಡುವೆ ಕೊಳವೆಯ ಅಗಲದಷ್ಟಾದರೂ ಜಾಗ ಬಿಡಿ.

ಗೋಡೆಯಿಂದಲೇ ಅಡ್ಡ ಬಿಡಬೇಕಾದ ಅನಿವಾರ್ಯವಿದ್ದರೆ ಬಾಗಿಲು ಕಿಟಕಿಗಳಿಂದ ಪಕ್ಕಕ್ಕೆ ಅಥವಾ ಕೆಳಕ್ಕೆ 4 ಅಡಿ ದೂರ, ಓಡಾಡುವ ದಾರಿಯಿಂದ 7 ಅಡಿ ಮೇಲೆ ಇರಲಿ. ಪಕ್ಕದ ಮನೆಯವರ ಕಿಟಕಿಯೂ ಕಿಟಕಿಯೇ. ಸಂದಿಗಳಲ್ಲಿ ಮನೆ ಕಟ್ಟಿಕೊಂಡ ಹಳೆಯ ಬೀದಿಗಳಲ್ಲಿ ಇದನ್ನು ಒತ್ತಿ ಹೇಳಬೇಕಾಗುತ್ತದೆ.

ದಿನೇ ದಿನೇ ಹೆಚ್ಚಾಯಿತು

ಒಲೆ ಮೊದಲು ಚೆನ್ನಾಗಿದ್ದು ಕ್ರಮೇಣ ಹೊಗೆಯಾಡಲು ಶುರುಮಾಡಿದರೆ ಕೊಳವೆ ಕಟ್ಟಿಕೊಂಡಿದೆ. ಟೀಯ ಕೆಳಗಿನ ಮುಚ್ಚಳ ಬಿಚ್ಚಿ, ಅಡಿಯಲ್ಲಿ ಕನ್ನಡಿ ಹಿಡಿದು ಮೇಲಕ್ಕೆ ನೋಡಿ. ನೇರ ಕೊಳವೆಯಲ್ಲಿ ಟೋಪಿಯ ಸುತ್ತ ಬೆಳಕಿನ ಉಂಗುರ ಕಾಣಬೇಕು. ಕಾಣದಿದ್ದರೆ ಮೂರರಲ್ಲಿ ಒಂದು: ಬೂದಿ, ಜಾಲರಿಗೆ ಮೆತ್ತಿದ ಮಸಿ, ಅಥವಾ ಕಣಜದ ಮಣ್ಣಿನ ಗೂಡು. ಕೆಲವು ತಿಂಗಳು ಬಳಸದೆ ಬಿಟ್ಟ ಕೊಳವೆಯಲ್ಲಿ ಗೂಡು ಇದ್ದೇ ಇರುತ್ತದೆ ಎಂದುಕೊಂಡು ನೋಡಿ. ತುದಿಯ ಜಾಲರಿಯ ಕಣ್ಣು ಅರ್ಧ ಇಂಚಿಗಿಂತ ಸಣ್ಣದಾಗಿದ್ದರೆ ಹಾರುಬೂದಿಯೇ ಅದನ್ನು ಮುಚ್ಚಿಬಿಡುತ್ತದೆ.

ಎಷ್ಟು ಬೇಗ ಕಟ್ಟುತ್ತದೆ ಎಂಬುದು ನೀವು ಏನು ಉರಿಸುತ್ತೀರಿ ಎಂಬುದರ ಮೇಲಿದೆ. ಮರದ ಹೊಟ್ಟಿನ ಒಳ್ಳೆಯ ಪೆಲೆಟ್‌ನಲ್ಲಿ ಬೂದಿ ನೂರಕ್ಕೆ ಒಂದರ ಆಸುಪಾಸು. ದಾವಣಗೆರೆಯ ಅಕ್ಕಿ ಗಿರಣಿಗಳ ಭತ್ತದ ಹೊಟ್ಟಿನಲ್ಲಿ ಅದು 15ರಿಂದ 20. ಚಳ್ಳಕೆರೆ ಕಡೆಯ ಶೇಂಗಾ ಸಿಪ್ಪೆಯದು ಇವೆರಡರ ನಡುವೆ, ಮರದ ಹೊಟ್ಟಿಗೆ ಹತ್ತಿರ. ಮೆಕ್ಕೆಜೋಳದ ಬೆಂಡಿನಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಬೂದಿ ಕರಗಿ ಕಿಟ್ಟ ಕಟ್ಟಿ ಬೆಂಕಿಬಟ್ಟಲಿನ ತೂತುಗಳನ್ನು ಮುಚ್ಚುತ್ತದೆ. ಮರದ ಪೆಲೆಟ್ ಉರಿಸುವ ದೇಶಗಳಲ್ಲಿ ಒಂದು ಟನ್ ಸುಟ್ಟ ಮೇಲೆ ಕೊಳವೆ ಸ್ವಚ್ಛ ಮಾಡಿ ಎನ್ನುತ್ತಾರೆ. ಭತ್ತದ ಹೊಟ್ಟಿನ ಪೆಲೆಟ್‌ಗೆ ಆ ಅಳತೆ ಹಿಡಿಯಬೇಡಿ. ಟೀ ಮುಚ್ಚಳವನ್ನು ವಾರಕ್ಕೊಮ್ಮೆ ಬಿಚ್ಚಿ ನೋಡಿ, ನಿಮ್ಮ ಲೆಕ್ಕ ನಿಮಗೇ ಸಿಗುತ್ತದೆ.

ಮಳೆಗಾಲದಲ್ಲಿ ಪೆಲೆಟ್ ತೇವ ಹೀರಿದರೂ ಹೀಗೇ ಆಗುತ್ತದೆ, ಕೊಳವೆಗೆ ಸುಮ್ಮನೆ ಕೆಟ್ಟ ಹೆಸರು ಬರುತ್ತದೆ. ಒಂದನ್ನು ಬೆರಳಲ್ಲಿ ಮುರಿದು ನೋಡಿ. ಟಕ್ಕೆಂದು ಮುರಿದರೆ ಒಣಗಿದೆ. ಬಾಗಿ ಪುಡಿಯಾದರೆ ತೇವವಿದೆ, ಮುಚ್ಚಳವಿರುವ ಡ್ರಮ್ಮಿನ ಒಣ ಪೆಲೆಟ್ ಹಾಕಿ ಮತ್ತೆ ಪರೀಕ್ಷಿಸಿ.

ಹೊಗೆಯಿಲ್ಲ, ವಾಸನೆಯಿದೆ

ಕೀಲು ಸೋರುತ್ತಿದೆ. ರಾತ್ರಿ ದೀಪ ಆರಿಸಿ, ತಣ್ಣಗಿರುವ ಕೊಳವೆಯೊಳಗೆ ಟೀಯ ಕೆಳಗಿನಿಂದ ಟಾರ್ಚ್ ಬಿಟ್ಟರೆ ಸಂದಿಯಲ್ಲಿ ಬೆಳಕು ಕಾಣುತ್ತದೆ. ಒಲೆ ಉರಿಯುವಾಗ ಊದಿನಕಡ್ಡಿಯನ್ನು ಪ್ರತಿ ಕೀಲಿನ ಸುತ್ತ ನಿಧಾನವಾಗಿ ತಿರುಗಿಸಿ. ಎಳೆ ತಳ್ಳಲ್ಪಟ್ಟ ಜಾಗವೇ ಸೋರುವ ಜಾಗ. ನಲ್ಲಿ ಪೈಪಿಗೆ ಹಚ್ಚುವ ಎಪಾಕ್ಸಿ ಮುದ್ದೆ, ಕಿಟಕಿ ಗಾಜಿನ ಸಿಲಿಕೋನ್ ಇಲ್ಲಿ ನಿಲ್ಲುವುದಿಲ್ಲ. ಹೆಚ್ಚು ಬಿಸಿ ತಡೆಯುವ ಸಿಲಿಕೋನ್ ಹಚ್ಚಿ, ಕ್ಲ್ಯಾಂಪ್ ಬಿಗಿದು, ಮೂರು ಸ್ಕ್ರೂ ಹಾಕಿ. ಒಲೆಯ ಬಾಗಿಲಿಗೆ ಗ್ಲಾಸ್ ಫೈಬರ್ ಹಗ್ಗ.

ಕೀಲಿನಿಂದ ಕರಿ ನೀರು ಇಳಿಯುತ್ತಿದ್ದರೆ ಕೊಳವೆಯನ್ನು ತಲೆಕೆಳಗಾಗಿ ಜೋಡಿಸಿರುತ್ತಾರೆ. ಮೇಲಿನ ತುಂಡಿನ ಕಿರಿದಾದ ತುದಿ ಕೆಳಗಿನ ತುಂಡಿನೊಳಗೆ ಕೂರಬೇಕು, ಆಗ ಒಳಗೆ ತಣಿದ ನೀರು ಒಳಗೇ ಇಳಿದು ಟೀ ಸೇರುತ್ತದೆ. ನೀರು ತುಂಬಾ ಬಂದರೆ ಹೊರಗಿನ ಕೊಳವೆ ಬೇಗ ತಣಿಯುತ್ತಿದೆ; ಎರಡು ಪದರದ ಕೊಳವೆ ಹಾಕಿ, ಇಲ್ಲವೇ ರಾಕ್‌ವೂಲ್ (ಬೆಂಕಿ ಹತ್ತದ ಕಲ್ಲಿನ ನಾರು) ಸುತ್ತಿ ಮೇಲೆ ತಗಡು ಹೊದಿಸಿ.

ಕರೆಂಟ್ ಹೋದಾಗ

ಫ್ಯಾನ್ ನಿಂತಿತು, ಬಟ್ಟಲಿನಲ್ಲಿ ಪೆಲೆಟ್ ತುಂಬಿದೆ. ಆಗ ಹೊಗೆಯನ್ನು ಹೊರಗೆ ಒಯ್ಯುವುದು ಕೊಳವೆಯ ಸ್ವಂತ ಎಳೆತ ಮಾತ್ರ. ಬರೀ ಅಡ್ಡ ಹೋಗಿ ಗೋಡೆಯಾಚೆ ನಿಂತ ಕೊಳವೆಗೆ ಆ ಎಳೆತವೇ ಇಲ್ಲ, ಹೊಗೆಯೆಲ್ಲ ಕೋಣೆಗೆ. ಅಡ್ಡ ಬಿಡುವ ಕೊಳವೆಗೂ ಕನಿಷ್ಠ 3ರಿಂದ 5 ಅಡಿ ನೇರ ಏರಿಕೆ ಇರಲಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಫ್ಯಾನ್ 12 ವೋಲ್ಟಿನದಾದರೆ ಒಂದು ಸಣ್ಣ ಬ್ಯಾಟರಿ ಜೋಡಿಸಿಡಿ. ಬ್ಯಾಟರಿ ಇಲ್ಲದೆ ಕರೆಂಟ್ ಹೋದರೆ ಪೆಲೆಟ್ ಸುರಿಯುವುದನ್ನು ನಿಲ್ಲಿಸಿ, ಕಿಟಕಿ ಬಾಗಿಲು ತೆರೆಯಿರಿ, ಒಲೆಗೆ ನೀರು ಸುರಿಯಬೇಡಿ, ಕೊಳವೆಯಲ್ಲಿ ಡ್ಯಾಂಪರ್ (ಹೊಗೆಯ ದಾರಿ ಕಿರಿದು ಮಾಡುವ ಬಿಲ್ಲೆ) ಇದ್ದರೆ ಮುಚ್ಚಬೇಡಿ. ಫ್ಯಾನ್ ಒಲೆಗೆ ಡ್ಯಾಂಪರ್ ಹಾಕುವುದೇ ಬೇಡ ಎಂಬುದು ನನ್ನ ಖಚಿತ ಮಾತು.

ಹೊಸದಾಗಿ ಕೂರಿಸುವವರಿಗೆ

ಹಳೆಯ ಮಾಳಿಗೆ ಮನೆಗಳಲ್ಲಿ ಕೊಳವೆಯನ್ನು ಬೆಳಕಿಂಡಿಯಿಂದ ಹೊರಗೆ ಬಿಡುವ ಆಸೆ ಎಲ್ಲರಿಗೂ ಬರುತ್ತದೆ, ಗೋಡೆ ಒಡೆಯುವ ಕೆಲಸ ಉಳಿಯುತ್ತದೆ. ಬಿಡಬಹುದು, ಆದರೆ ಮರದ ತೊಲೆ ಜಂತೆಗಳಿಂದ ಒಂದು ಪದರದ ಕೊಳವೆ 18 ಇಂಚು ದೂರವಿರಬೇಕು. ಪೆಲೆಟ್ ಒಲೆಗೆಂದೇ ತಯಾರಾದ ಎರಡು ಪದರದ ಕೊಳವೆಗೆ 3 ಇಂಚು ಸಾಕು. ಬೆಳಕಿಂಡಿಯ ಮಟ್ಟದಲ್ಲೇ ತುದಿ ನಿಲ್ಲಿಸದೆ ಮಾಳಿಗೆಯಿಂದ 3 ಅಡಿ ಮೇಲೇರಿಸಿ.

ಆರ್‌ಸಿಸಿ ಮನೆ ಕಟ್ಟುತ್ತಿರುವವರು ಚಾವಣಿ ಹಾಕುವ ಮೊದಲೇ ಒಲೆಯ ಜಾಗದ ನೇರ ಮೇಲೆ 8 ಇಂಚಿನ ಕಬ್ಬಿಣದ ತೋಳು, ಎಂದರೆ ಕೊಳವೆ ಹಾದುಹೋಗಲು ಅಗಲವಾದ ಪೈಪಿನ ತುಂಡು, ಇಡಿಸಿ. ಆಮೇಲೆ ಕೊರೆಯುವ ಖರ್ಚೂ ಇಲ್ಲ, ಎಲ್ಬೋ ಕೂಡ ಇಲ್ಲ. ತೋಳಿಗೂ ಕೊಳವೆಗೂ ನಡುವಿನ ಸಂದಿಗೆ ಸಿಮೆಂಟ್ ಮೆತ್ತುವುದನ್ನು ತಡೆಯಿರಿ, ಗಾರೆಯವರು ಕೇಳದೆಯೇ ಮೆತ್ತಿಬಿಡುತ್ತಾರೆ. 4 ಮೀಟರ್ ಉದ್ದದ ಕಬ್ಬಿಣದ ಕೊಳವೆ 120 ಡಿಗ್ರಿ ಬಿಸಿಯೇರಿದರೆ ಸುಮಾರು 6 ಮಿಲಿಮೀಟರ್ ಉದ್ದವಾಗುತ್ತದೆ, ಸ್ಟೇನ್‌ಲೆಸ್ ಆದರೆ 8. ಸಿಮೆಂಟ್ ಅದನ್ನು ತಾಳದೆ ಬಿರುಕು ಬಿಡುತ್ತದೆ, ಮೊದಲ ಮಳೆಗೇ ನೀರು ಒಲೆಯ ಮೇಲೆ ಇಳಿಯುತ್ತದೆ. ಆ ಸಂದಿಗೆ ರಾಕ್‌ವೂಲ್ ತುಂಬಿ, ಮೇಲೆ ಕೊಳವೆಗೆ ಮಾತ್ರ ಅಂಟಿದ ತಗಡಿನ ಕೊರಳಪಟ್ಟಿ ಕಟ್ಟಿಸಿ. ಕೊಳವೆ ಹಿಗ್ಗಿ ಕುಗ್ಗಿದಾಗ ಪಟ್ಟಿಯೂ ಜೊತೆಗೇ ಮೇಲೆ ಕೆಳಗೆ ಆಡುತ್ತದೆ.